ಕಳಿತ ನೀರು

ಕಡಲನ್ನು ಕಣ್ಣಾರೆ ಕಂಡವರೇ ಅಪರೂಪವಾಗಿದ್ದ ಊರೊಂದರಿಂದ ಕಡಲ ನೀರಿನ ಮಾತನ್ನು ಆರಂಭಿಸುವುದು ವಿಚಿತ್ರವೆನಿಸಬಹುದು. ನವಲಗುಂದ ತಾಲೂಕಿನ ತಿರ್ಲಾಪುರ ಎರೆಮಣ್ಣಿನ ಊರು. ಬೆಣ್ಣೆಹಳ್ಳ ತುಪ್ಪರಿಹಳ್ಳಗಳ ಸೀಮೆಗೆ ಸೇರಿದ್ದು. ಕಾರವಾರದ ದಂಡೆ ಅಲ್ಲಿಂದ ನೂರೈವತ್ತು ಕಿಲೋಮೀಟರಿಗೂ ಆಚೆಗಿದೆ. ಆದರೂ ಉಪ್ಪುನೀರೆಂದರೆ ಏನೆಂಬುದು ಆ ಸೀಮೆಯವರಿಗೆ ತಿಳಿಯದ ಸಂಗತಿಯಲ್ಲ. ಎಷ್ಟೋ ಕಡೆ ಬಾವಿ ತೋಡಿದರೆ ಸವುಳು ನೀರೇ ಬರುವ ನೆಲವದು. ಕುಡಿಯುವುದಕ್ಕೆ ಕೆರೆಯನ್ನೇ ನೆಚ್ಚಿ, ಮೊದಲು ಮಳೆಯ ನೀರನ್ನೂ, ಮಲಪ್ರಭೆಯ ಕಾಲುವೆ ಬಂದ ಮೇಲೆ ಕಾಲುವೆಯ ನೀರನ್ನೂ ಅದರಲ್ಲಿ ಹಿಡಿದಿಟ್ಟುಕೊಂಡು ಬಾಳಿದ ಜನ ಅವರು. ಹೊಸನೀರು ಬಂದ ದಿನವೇ ಅದಕ್ಕೆ ಯಾರೂ ಕೊಡ ಇಳಿಸುವುದಿಲ್ಲ. ರಾಡಿ ತಳ ಸೇರಿ ಮೇಲಿನ ನೀರು ತಿಳಿಯಾಗುವವರೆಗೆ ಕಾಯುತ್ತಾರೆ. ಮಣ್ಣಿಗೊಂದು ಹದವಿರುವಂತೆ ನೀರಿಗೂ ಒಂದು ಹದವುಂಟೆಂಬುದು ಅಲ್ಲಿ ಹೇಳಿಕೊಡದೆಯೇ ಬರುವ ತಿಳಿವಳಿಕೆ.

ನನ್ನ ಹಿರಿಯಕ್ಕನನ್ನು ಕೊಟ್ಟದ್ದು ಈ ತಿರ್ಲಾಪುರಕ್ಕೆ. ಅವಳ ಮೊಮ್ಮಗ ಹುಬ್ಬಳ್ಳಿಯಲ್ಲಿ ಕೆಲಸಕ್ಕೆ ಸೇರಿ ಮನೆ ಮಾಡಿದ ಮೇಲೆ ನಡುಮನೆಯಲ್ಲಿ ಮೂರಡಿ ಉದ್ದದ ಗಾಜಿನ ತೊಟ್ಟಿಯೊಂದನ್ನು ಇರಿಸಿದ. ಸಾಮಾನ್ಯವಾಗಿ ಮನೆಗಳಲ್ಲಿ ಕಾಣುವ ಸಿಹಿನೀರಿನ ತೊಟ್ಟಿಯಲ್ಲ ಅದು. ಪೊಟ್ಟಣದಲ್ಲಿ ಬರುವ ಕಡಲ ಉಪ್ಪನ್ನು ಅಳೆದು ಬೆರೆಸಿ ಮಾಡಿದ ಪುಟ್ಟ ಸಮುದ್ರ. ಮೂರು ದಿನ ಯಂತ್ರ ತಿರುಗಿಸಿದ, ನೀರು ಸ್ಫಟಿಕದಂತಾಯಿತು. ನೀರು ಶುದ್ಧವಾಗಿದ್ದರೆ ಸಾಕೆಂದು ಮಾರಿದವರು ಹೇಳಿದ್ದರಂತೆ. ನಾಲ್ಕನೆಯ ದಿನ ಕಿತ್ತಳೆ ಮೈಗೆ ಬಿಳಿಯ ಪಟ್ಟೆ ಕಟ್ಟಿಕೊಂಡ ಆರು ಮೀನುಗಳು ಬಂದವು. ವಾರ ತುಂಬುವುದರೊಳಗೆ ಆರೂ ಸತ್ತವು. ಸಾಯುವ ಮುನ್ನ ಅವು ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆದು ತೆರೆದು ಮುಚ್ಚುತ್ತಿದ್ದುದನ್ನು ಕಂಡ ಹುಡುಗ ಎರಡು ದಿನ ಸರಿಯಾಗಿ ಉಣ್ಣಲಿಲ್ಲ.

ಆ ಹೊತ್ತಿಗೆ ನಮ್ಮ ಭಾವನವರು ಊರಿನಿಂದ ಬಂದಿದ್ದರು. ಎಂಬತ್ತು ದಾಟಿದ ಒಕ್ಕಲಿಗ. "ನೀರು ಕನ್ನಡಿ ಆದಂಗ ಇತ್ತಲ್ಲಜ್ಜಾ, ಏನ್ ತಪ್ಪಾತು?" ಎಂದು ಮೊಮ್ಮಗ ಕೇಳಿದ. ಭಾವನವರು ತೊಟ್ಟಿಯ ಗಾಜಿಗೆ ಮೂಗು ಹಚ್ಚಿದಂತೆ ನೋಡಿ, "ಹಸಿ ಗೊಬ್ಬರ ಹಾಕಿ ಬೆನ್ನಿಗೇ ಬಿತ್ತಿದಂಗ ಆತಲ್ಲೋ ತಮ್ಮಾ. ಬೆಳಿ ಸುಡಲಾರದ ಏನು ಮಾಡತೈತಿ? ನೀರು ಕಳೀಬೇಕಿತ್ತು" ಎಂದರು.

ಕಳಿಯುವುದು. ಕನ್ನಡದಲ್ಲಿ ಎಷ್ಟು ಸೊಗಸಾದ ಮಾತಿದು! ಹಣ್ಣು ಪೂರ್ತಿ ಪಕ್ವವಾದರೂ ಕಳಿತಿತು ಎನ್ನುತ್ತೇವೆ. ತಿಪ್ಪೆಯ ಗೊಬ್ಬರ ಹೊಲಕ್ಕೆ ಹಾಕುವ ಹದಕ್ಕೆ ಬಂದರೂ ಕಳಿತಿತು ಎನ್ನುತ್ತೇವೆ. ಕೊಳೆಯುವುದಕ್ಕೂ ಕಳಿಯುವುದಕ್ಕೂ ನಡುವೆ ಇರುವುದು ಎರಡು ಸ್ವರಗಳ ವ್ಯತ್ಯಾಸ. ಆದರೆ ಕೊಳೆತದ್ದು ಬೇರನ್ನು ಸುಡುತ್ತದೆ, ಕಳಿತದ್ದು ಪೊರೆಯುತ್ತದೆ. ಹೊಸ ಉಪ್ಪುನೀರಿನ ತೊಟ್ಟಿ ಜೀವಗಳಿಗೆ ಯಾವಾಗ ಸಿದ್ಧವಾಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತ ಯುರೋಪಿನ ವಿದ್ವಾಂಸರು ಅರ್ಧ ಶತಮಾನದಷ್ಟು ಕಾಲ ಕಳೆದರು. ಅವರು ಕೊನೆಗೆ ತಲುಪಿದ್ದು ಈ ಎರಡು ಸ್ವರಗಳ ವ್ಯತ್ಯಾಸಕ್ಕೇ ಎಂಬುದನ್ನು ಹೇಳುವುದು ಈ ಭಾಷಣದ ಉದ್ದೇಶ.

ಕಡಲ ಜೀವಗಳನ್ನು ಮನೆಯಲ್ಲಿ ಇರಿಸಿಕೊಳ್ಳುವ ಆಸೆ ಹಳೆಯದು. ಆದರೆ ನೀರು ಬೇಗನೆ ನಾರುತ್ತಿತ್ತು, ಜೀವಗಳು ಸಾಯುತ್ತಿದ್ದವು. 1846ರಲ್ಲಿ ಇಂಗ್ಲೆಂಡಿನ ಆನ್ನಾ ಥಿನ್ ಎಂಬ ಗೃಹಿಣಿ ಟಾರ್ಕಿ ಎಂಬ ಕಡಲ ತೀರದ ಊರಿನಿಂದ ಕೆಲವು ಜೀವಂತ ಹವಳಗಳನ್ನು ಕಲ್ಲಿನ ಜಾಡಿಯಲ್ಲಿಟ್ಟು ಲಂಡನ್ನಿಗೆ ತಂದಳು. ಪ್ರತಿದಿನವೂ ಮನೆಯ ಸೇವಕಿ ತೆರೆದ ಕಿಟಕಿಯ ಎದುರು ನಿಂತು ಆ ನೀರನ್ನು ಒಂದು ಪಾತ್ರೆಯಿಂದ ಮತ್ತೊಂದಕ್ಕೆ ಹೊಯ್ದು, ಮತ್ತೆ ಹಿಂದಕ್ಕೆ ಹೊಯ್ದು, ಗಾಳಿ ಬೆರೆಸುತ್ತಿದ್ದಳು. ಮುಂದಿನ ವರ್ಷ ಆನ್ನಾ ಕಡಲ ಪಾಚಿಯನ್ನೂ ಆ ನೀರಿಗೆ ಸೇರಿಸಿದಳು. ಹವಳಗಳು ವರ್ಷಗಟ್ಟಲೆ ಬದುಕಿದವು. ಹೆಸರುಳಿಯದ ಆ ಸೇವಕಿಯ ತೋಳುಗಳೇ ಇಂದು ಎಲ್ಲ ತೊಟ್ಟಿಗಳಲ್ಲಿ ಗುಳುಗುಳು ಸದ್ದು ಮಾಡುವ ಯಂತ್ರದ ಪೂರ್ವಜರು ಎಂದರೆ ತಪ್ಪಾಗಲಾರದು.

ಇದಕ್ಕೊಂದು ಶಾಸ್ತ್ರವನ್ನು ಕಟ್ಟಿದಾತ ರಾಬರ್ಟ್ ವಾರಿಂಗ್ಟನ್. ಲಂಡನ್ನಿನ ಔಷಧಿ ತಯಾರಕರ ಸಂಘದ ಭವನದಲ್ಲಿ ರಸಾಯನಶಾಸ್ತ್ರಜ್ಞನಾಗಿದ್ದವನು. ಗಿಡಗಳು ಕೆಟ್ಟ ಗಾಳಿಯನ್ನು ಸರಿಪಡಿಸುತ್ತವೆಂಬುದನ್ನು ಹದಿನೆಂಟನೆಯ ಶತಮಾನದಲ್ಲಿಯೇ ಪ್ರೀಸ್ಟ್ಲಿ ತೋರಿಸಿದ್ದನಷ್ಟೆ. ಆ ಜಾಡನ್ನು ಹಿಡಿದ ವಾರಿಂಗ್ಟನ್ 1849ರಲ್ಲಿ ಹನ್ನೆರಡು ಗ್ಯಾಲನ್ ನೀರು ಹಿಡಿಯುವ ಪಾತ್ರೆಯಲ್ಲಿ ಎರಡು ಹೊಂಬಣ್ಣದ ಮೀನುಗಳನ್ನೂ ಒಂದು ಬಗೆಯ ನೀರುಹುಲ್ಲನ್ನೂ ಇರಿಸಿದ. ಕೆಲದಿನಗಳಲ್ಲಿ ಹುಲ್ಲಿನ ಹಳೆಯ ಎಲೆ ಕೊಳೆತು ನೀರು ಮಬ್ಬಾಯಿತು. ಕೊಳೆತದ್ದನ್ನು ತಿಂದು ಬದುಕುವ ನೀರಿನ ಬಸವನಹುಳುಗಳನ್ನು ಅವನು ಬಿಟ್ಟ. ನೀರು ಮತ್ತೆ ತಿಳಿಯಾಯಿತು. ಮೀನು, ಹುಲ್ಲು, ಹುಳು, ಈ ಮೂವರ ಒಕ್ಕೂಟದಿಂದ ಒಂದು ಸಮತೋಲ ಏರ್ಪಡುತ್ತದೆಂದು 1850ರಲ್ಲಿ ರಸಾಯನಶಾಸ್ತ್ರಜ್ಞರ ಸಭೆಗೆ ತಿಳಿಸಿದ. ಅನಂತರ ಕಡಲ ನೀರಿನಲ್ಲಿಯೂ ಅದನ್ನೇ ಪ್ರಯೋಗಿಸಿದ.

1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಲಯ ತೆರೆಯಿತು. ಅದಕ್ಕಾಗಿ ಕಡಲ ಜೀವಗಳನ್ನು ಕೂಡಿಸಿಕೊಟ್ಟವರಲ್ಲಿ ಪ್ರಮುಖನಾದ ಫಿಲಿಪ್ ಹೆನ್ರಿ ಗಾಸ್ ಮರುವರ್ಷ 'ದಿ ಅಕ್ವೇರಿಯಂ' ಎಂಬ ಗ್ರಂಥವನ್ನು ಹೊರತಂದ. ಆ ಶಬ್ದ ಲೋಕದ ಬಾಯಿಗೆ ಬಂದದ್ದು ಅವನಿಂದಲೇ. ಕೆಲವೇ ಲವಣಗಳನ್ನು ಬೆರೆಸಿ ಕೃತಕ ಕಡಲ ನೀರನ್ನೂ ಅವನು ಮಾಡಿದ. ಮಾಡಿದ ಕೂಡಲೇ ಪ್ರಾಣಿಗಳನ್ನು ಬಿಡದೆ, ಮೊದಲು ಪಾಚಿಯನ್ನಿರಿಸಿ ಕೆಲವು ದಿನ ಕಾದ. ಕಾಯಬೇಕೆಂಬುದು ಅವನಿಗೆ ಹೊಳೆದಿತ್ತು. ಏತಕ್ಕಾಗಿ ಎಂಬುದು ಮಾತ್ರ ಯಾರಿಗೂ ಹೊಳೆದಿರಲಿಲ್ಲ.

ಪುಸ್ತಕವನ್ನು ಓದಿದವರೆಲ್ಲರೂ ಕಾಯಲಿಲ್ಲ. ಮನೆಮನೆಯ ಕಿಟಕಿಯಲ್ಲಿ ಗಾಜಿನ ತೊಟ್ಟಿ ಇರಿಸುವುದು ಆ ನಾಡಿನಲ್ಲಿ ಒಂದು ಹುಚ್ಚಾಯಿತು. ಜನ ಬುಟ್ಟಿ ಹಿಡಿದು ಕಡಲ ದಂಡೆಗೆ ಇಳಿದರು; ಬಂಡೆಗಳ ಪೊಟರೆಗಳಲ್ಲಿ ಯುಗಯುಗಗಳಿಂದ ಬೆಳೆದಿದ್ದ ಜೀವಲೋಕ ಬರಿದಾಗತೊಡಗಿತು. ತೊಟ್ಟಿಯಲ್ಲಿ ಸತ್ತಷ್ಟೂ ಹೊಸ ಜೀವಗಳು ಬೇಕಲ್ಲವೆ? ಗಾಸನ ಮಗ ಎಡ್ಮಂಡ್ ಗಾಸ್ 1907ರಲ್ಲಿ ಪ್ರಕಟಿಸಿದ 'ಫಾದರ್ ಅಂಡ್ ಸನ್' ಎಂಬ ಆತ್ಮಕಥನದಲ್ಲಿ ಈ ನಾಶವನ್ನು ನೆನೆದು ಮರುಗಿದ್ದಾನೆ. ತನ್ನ ಪುಸ್ತಕಗಳೇ ಆ ದಂಡನ್ನು ಕರೆತಂದವೆಂದು ತಂದೆಯೂ ನೊಂದನೆಂದು ಹೇಳಿದ್ದಾನೆ. ನೀರು ಸಿದ್ಧವಾಗುವ ಮೊದಲೇ ಜೀವವನ್ನು ಬಿಡುವ ಆತುರಕ್ಕೆ ತೆರಬೇಕಾದ ಬೆಲೆ ತೊಟ್ಟಿಯೊಳಗೆ ಮುಗಿಯುವುದಿಲ್ಲ. ಅದರ ಲೆಕ್ಕ ಕಡಲಿನವರೆಗೂ ಹೋಗುತ್ತದೆ.

ಇಷ್ಟಾದರೂ ಕೆಲವು ತೊಟ್ಟಿಗಳು ಬದುಕಿದವು, ಬಹಳಷ್ಟು ಸತ್ತವು. ಗಿಡ, ಬೆಳಕು, ಗಾಳಿ ಎಲ್ಲವೂ ಇದ್ದರೂ ಸಾವು ಬರುತ್ತಿತ್ತು. ಗಿಡವೇ ಇಲ್ಲದ ಕೆಲವು ತೊಟ್ಟಿಗಳಲ್ಲಿ ಜೀವಗಳು ಸುಖವಾಗಿದ್ದವು. ವಿಲಿಯಂ ಆಲ್ಫರ್ಡ್ ಲಾಯ್ಡ್ ಎಂಬ ಲಂಡನ್ನಿನ ವ್ಯಾಪಾರಿ ಇದನ್ನು ಎಚ್ಚರದಿಂದ ಗಮನಿಸಿದ. ಮುಂದೆ ಅವನು ಹ್ಯಾಂಬರ್ಗ್ ನಗರದಲ್ಲಿ 1864ರಲ್ಲಿ, ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ 1871ರಲ್ಲಿ ದೊಡ್ಡ ಮತ್ಸ್ಯಾಲಯಗಳನ್ನು ರೂಪಿಸಿದಾಗ, ಜನರಿಗೆ ಕಾಣುವ ತೊಟ್ಟಿಗಳಿಗಿಂತ ಎಷ್ಟೋ ಪಾಲು ದೊಡ್ಡದಾದ ಕತ್ತಲೆಯ ನೀರುಕೋಣೆಯೊಂದನ್ನು ನೆಲದಡಿಯಲ್ಲಿ ಕಟ್ಟಿಸಿ, ನೀರನ್ನು ಮೇಲಕ್ಕೂ ಕೆಳಕ್ಕೂ ಎಡೆಬಿಡದೆ ಓಡಿಸಿದ. ನೀರು ಹಳೆಯದಾದಷ್ಟೂ ಉತ್ತಮವಾಗುತ್ತಿತ್ತು. ಆ ಕತ್ತಲೆಯಲ್ಲಿ ನೀರಿಗೆ ಏನಾಗುತ್ತಿದೆ ಎಂಬುದು ಲಾಯ್ಡನಿಗೆ ಗೊತ್ತಿರಲಿಲ್ಲ.

ಉತ್ತರ ಬಂದದ್ದು ಕಡಲಿನಿಂದಲ್ಲ, ಮಣ್ಣಿನಿಂದ. ಪ್ಯಾರಿಸಿನ ಚರಂಡಿ ನೀರನ್ನು ಶುದ್ಧಗೊಳಿಸುವ ಬಗೆಯನ್ನು ಹುಡುಕುತ್ತಿದ್ದ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್ ಎಂಬ ಇಬ್ಬರು ವಿಜ್ಞಾನಿಗಳು 1877ರಲ್ಲಿ ಒಂದು ಉದ್ದನೆಯ ಕೊಳವೆಯಲ್ಲಿ ಕಾಯಿಸಿದ ಮರಳನ್ನೂ ಸೀಮೆಸುಣ್ಣದ ಪುಡಿಯನ್ನೂ ತುಂಬಿ, ಮೇಲಿನಿಂದ ಕೊಳೆನೀರನ್ನು ಹನಿಹನಿಯಾಗಿ ಬಿಟ್ಟರು. ಇಪ್ಪತ್ತು ದಿನ ಏನೂ ಆಗಲಿಲ್ಲ. ಮೇಲೆ ಹೋದ ಅಮೋನಿಯಾ ಹಾಗೆಯೇ ಕೆಳಗೆ ಬಂತು. ಇಪ್ಪತ್ತು ದಿನ ಕಳೆದ ಮೇಲೆ ಕೆಳಗೆ ಬರುವ ನೀರಿನಲ್ಲಿ ಅಮೋನಿಯಾ ಕುಗ್ಗಿ ನೈಟ್ರೇಟ್ ಕಾಣಿಸಿಕೊಂಡಿತು. ಇದು ಬರಿಯ ರಾಸಾಯನಿಕ ಕ್ರಿಯೆಯಾಗಿದ್ದರೆ ಮೊದಲ ದಿನವೇ ಆರಂಭವಾಗಬೇಕಾಗಿತ್ತು. ಇಪ್ಪತ್ತು ದಿನದ ತಡವೇಕೆ? ಅವರು ಕೊಳವೆಗೆ ಕ್ಲೋರೋಫಾರಂ ಹಬೆಯನ್ನು ಬಿಟ್ಟರು, ಕೆಲಸ ನಿಂತಿತು. ಹಬೆಯನ್ನು ತೆಗೆದರೂ ಅದು ತಾನಾಗಿ ಮರಳಲಿಲ್ಲ. ಒಂದಿಷ್ಟು ಹೊಲದ ಮಣ್ಣನ್ನು ತೊಳೆದ ನೀರನ್ನು ಹೊಯ್ದ ಮೇಲೆ ಮತ್ತೆ ಆರಂಭವಾಯಿತು. ಅಂದರೆ ಕೆಲಸ ಮಾಡುತ್ತಿದ್ದುದು ಜೀವ. ಮರಳಿನ ಕಣಕಣಕ್ಕೂ ಕಣ್ಣಿಗೆ ಕಾಣದ ಒಕ್ಕಲು ಬಂದು ನೆಲಸಿ, ಮನೆಮಠ ಕಟ್ಟಿಕೊಳ್ಳುವುದಕ್ಕೆ ಆ ಇಪ್ಪತ್ತು ದಿನ ಬೇಕಾಗಿತ್ತು.

ಈ ಸುದ್ದಿಯನ್ನು ಕೇಳಿ ಕೂಡಲೇ ತನ್ನ ಪ್ರಯೋಗಗಳನ್ನು ತೊಡಗಿದವನು ಲಂಡನ್ನಿನ ಉತ್ತರಕ್ಕಿರುವ ರೊಥಾಮ್‌ಸ್ಟೆಡ್ ಕೃಷಿ ಸಂಶೋಧನಾ ಕ್ಷೇತ್ರದ ರಸಾಯನಶಾಸ್ತ್ರಜ್ಞ. ಅವನ ಹೆಸರು ರಾಬರ್ಟ್ ವಾರಿಂಗ್ಟನ್. ಹೌದು, ಅದೇ ಹೆಸರು. ಮೀನು, ಹುಲ್ಲು, ಹುಳುಗಳನ್ನು ಒಂದೇ ಪಾತ್ರೆಯಲ್ಲಿ ಕೂಡಿಬಾಳಿಸಿದವನ ಮಗ. 1838ರಲ್ಲಿ ಹುಟ್ಟಿದ ಈ ಹುಡುಗ ತಂದೆಯ ಪಾತ್ರೆಯಲ್ಲಿ ಹೊಂಬಣ್ಣದ ಮೀನುಗಳು ಆಡುತ್ತಿದ್ದಾಗ ಹನ್ನೊಂದರ ಪ್ರಾಯದವನು. ದೊಡ್ಡವನಾದ ಮೇಲೆ ಅವನು ಹಿಡಿದದ್ದು ಮೀನನ್ನಲ್ಲ, ಹೊಲದ ಮಣ್ಣನ್ನು. ಗೊಬ್ಬರದ ಅಮೋನಿಯಾ ಬೆಳೆಗೆ ಬೇಕಾದ ನೈಟ್ರೇಟ್ ಆಗುವ ಬಗೆಯನ್ನು ಅವನು ವರ್ಷಾನುಗಟ್ಟಲೆ ಪರೀಕ್ಷಿಸಿದ. ಎರಡು ಸಂಗತಿಗಳು ಅವನಿಗೆ ಗೋಚರವಾದವು. ಬೆಳಕು ಈ ಕೆಲಸಕ್ಕೆ ಅಡ್ಡಿ, ಕತ್ತಲೆಯೇ ಹಿತ. ಮತ್ತು, ಕೆಲಸ ಒಂದೇ ಜಿಗಿತದಲ್ಲಿ ಆಗುವುದಿಲ್ಲ. ಒಂದು ಜಾತಿಯ ಸೂಕ್ಷ್ಮಜೀವಿ ಅಮೋನಿಯಾವನ್ನು ನೈಟ್ರೈಟ್ ಮಾಡಿ ಅಲ್ಲಿಗೆ ನಿಲ್ಲುತ್ತದೆ. ಇನ್ನೊಂದು ಜಾತಿ ಆ ನೈಟ್ರೈಟನ್ನು ಎತ್ತಿಕೊಂಡು ನೈಟ್ರೇಟ್ ಮಾಡುತ್ತದೆ. ಆ ಜೀವಿಗಳನ್ನು ಬೇರ್ಪಡಿಸಿ ಶುದ್ಧವಾಗಿ ಬೆಳೆಸುವುದು ಮಾತ್ರ ಅವನಿಂದಾಗಲಿಲ್ಲ. ಜೂರಿಕ್ ನಗರದಲ್ಲಿದ್ದ ರಷ್ಯಾದ ವಿನೋಗ್ರಾಡ್‌ಸ್ಕಿ 1890ರಲ್ಲಿ ಅದನ್ನು ಸಾಧಿಸಿದ. ಅನ್ನವೆಂದು ನಾವು ಕರೆಯುವ ಯಾವುದನ್ನೂ ಮುಟ್ಟದೆ ಅಮೋನಿಯಾವನ್ನು ಉರಿಸಿಯೇ ಬದುಕುವ ಆ ಜೀವಿಗಳಿಗೆ, ಎಲ್ಲ ಸೂಕ್ಷ್ಮಜೀವಿಗಳಿಗೂ ಹಾಕುವ ಮೇವನ್ನೇ ಹಾಕಿದ್ದರಿಂದ ಉಳಿದವರು ಸೋತಿದ್ದರು.

ತಂದೆ ಬೆಳಕಿನಲ್ಲಿ ಹಸಿರನ್ನು ಕಂಡು, ಗುಟ್ಟು ಅಲ್ಲಿದೆಯೆಂದ. ಮಗ ಕತ್ತಲೆಯ ಮಣ್ಣಿನಲ್ಲಿ ಅದರ ಇನ್ನರ್ಧವನ್ನು ಕಂಡ. ತಂದೆಯ ಪಾತ್ರೆಯಲ್ಲಿ ಕಾಣುತ್ತಿದ್ದ ಮೂವರ ಜೊತೆಗೆ ಕಾಣದ ನಾಲ್ಕನೆಯವನೂ ಇದ್ದ. ಅವನನ್ನು ಗುರುತಿಸಲು ಒಂದು ತಲೆಮಾರು ಬೇಕಾಯಿತು.

ಈಗ ನಮ್ಮ ಹುಡುಗನ ಆರು ಮೀನುಗಳ ಕಡೆಗೆ ಬರೋಣ. ಮೀನು ತನ್ನ ಕಿವಿರುಗಳಿಂದ ಸದಾ ಅಮೋನಿಯಾವನ್ನು ಹೊರಹಾಕುತ್ತದೆ. ತಿಂದು ಬಿಟ್ಟ ಆಹಾರವೂ ಮಲವೂ ಕೊಳೆತು ಅದನ್ನೇ ಹೆಚ್ಚಿಸುತ್ತವೆ. ಕಡಲಿನಲ್ಲಾದರೆ ಅದು ಕಾಸಿಗೂ ಎಣಿಕೆಯಿಲ್ಲ. ಮೂರಡಿಯ ತೊಟ್ಟಿಯಲ್ಲಿ ಅದೇ ವಿಷ. ಕಡಲ ನೀರು ಕ್ಷಾರಗುಣದ್ದು, ಅದರ ಪಿ.ಎಚ್. ಸಾಮಾನ್ಯವಾಗಿ 8.1ರಿಂದ 8.3. ಈ ಕ್ಷಾರದಲ್ಲಿ ಅಮೋನಿಯಾದ ವಿಷರೂಪದ ಪಾಲು, ಪಿ.ಎಚ್. 7 ಇರುವ ಸಿಹಿನೀರಿಗಿಂತ ಹತ್ತು ಪಟ್ಟಿಗೂ ಹೆಚ್ಚು. ಆದುದರಿಂದಲೇ ಸಿಹಿನೀರಿನ ತೊಟ್ಟಿಯಲ್ಲಿ ಹೇಗೋ ದಕ್ಕುವ ಆತುರ ಉಪ್ಪುನೀರಿನಲ್ಲಿ ದಕ್ಕುವುದಿಲ್ಲ. ಹಸಿ ಗೊಬ್ಬರ ಎಳೆಯ ಸಸಿಯನ್ನು ಸುಡುವುದೂ ಬಹುಮಟ್ಟಿಗೆ ಇದೇ ಅಮೋನಿಯಾದಿಂದ. ಭಾವನವರ ಮಾತು ಬರಿಯ ಉಪಮೆಯಾಗಿರಲಿಲ್ಲ, ಅಕ್ಷರಶಃ ರಸಾಯನಶಾಸ್ತ್ರವಾಗಿತ್ತು.

ಹಾಗಾದರೆ ಹದ ಬಂದಿತೆಂದು ತಿಳಿಯುವುದು ಹೇಗೆ? ಲೀಟರಿಗೆ 35 ಗ್ರಾಂ ಲವಣವಿರುವ ನೀರನ್ನು ತುಂಬಿ, 25-26 ಡಿಗ್ರಿ ಶಾಖದಲ್ಲಿರಿಸಿ, ಮೀನನ್ನು ಬಿಡದೆ ಒಂದು ಸೀಗಡಿಯ ತುಂಡನ್ನೋ ಚಿಟಿಕೆ ಮೀನಿನ ಆಹಾರವನ್ನೋ ಕೊಳೆಯಲು ಬಿಡಬೇಕು. ಮೊದಲ ದಿನಗಳಲ್ಲಿ ಅಮೋನಿಯಾ ಏರುತ್ತದೆ. ಎರಡನೆಯ ವಾರದ ಸುಮಾರಿಗೆ ಅದು ಇಳಿಯತೊಡಗಿ ನೈಟ್ರೈಟ್ ಏರುತ್ತದೆ. ಇಲ್ಲಿಯೇ ಎಷ್ಟೋ ಜನ ಮೋಸಹೋಗುವುದು. ಒಂದು ವಿಷ ಇಳಿದದ್ದನ್ನು ಕಂಡು ಇನ್ನೊಂದು ಏರಿದ್ದನ್ನು ಅಳೆಯದೆ ಬಿಡುತ್ತಾರೆ. ಮತ್ತೆ ಎರಡು ಮೂರು ವಾರ ಕಾದರೆ ನೈಟ್ರೈಟೂ ಇಳಿದು, ಅಷ್ಟೊಂದು ಅಪಾಯವಿಲ್ಲದ ನೈಟ್ರೇಟ್ ಉಳಿಯುತ್ತದೆ. ಗಾಜಿನ ಮೇಲೆ ಮೊದಲು ಕಂದುಬಣ್ಣದ, ಅನಂತರ ಹಸಿರು ಪಾಚಿಯ ತೆಳುಪೊರೆ ಹಬ್ಬುತ್ತದೆ. ಕಡೆಯ ಪರೀಕ್ಷೆಯೊಂದಿದೆ: ಲೀಟರಿಗೆ 2 ಮಿಲಿಗ್ರಾಂ ಆಗುವಷ್ಟು ಅಮೋನಿಯಾವನ್ನು ಹಾಕಿ, 24 ಗಂಟೆಗಳ ಮೇಲೆ ಅಳೆದಾಗ ಅಮೋನಿಯಾವೂ ನೈಟ್ರೈಟೂ ಎರಡೂ ಶೂನ್ಯವಾಗಿರಬೇಕು. ಒಟ್ಟು ನಾಲ್ಕರಿಂದ ಆರು ವಾರ. ಬಳಿಕ ಬಸವನಹುಳುವಿನಂಥ ಒಂದೆರಡು ಗಟ್ಟಿಜೀವಗಳು, ಕೆಲವು ದಿನ ಬಿಟ್ಟು ಒಂದೋ ಎರಡೋ ಮೀನು. ಆರನ್ನು ಒಮ್ಮೆಲೇ ಬಿಡುವಂತಿಲ್ಲ. ಕಾಣದ ಒಕ್ಕಲು ಎಷ್ಟು ಅಮೋನಿಯಾ ದೊರೆಯುತ್ತದೋ ಅಷ್ಟಕ್ಕೇ ಬೆಳೆದಿರುತ್ತದೆ. ಹೊರೆ ಹೆಚ್ಚಿದರೆ ಅದೂ ಹೆಚ್ಚಲು ಕಾಲ ಬೇಕು.

ಕಾಲವನ್ನು ಕುಗ್ಗಿಸಲು ಒಂದು ಉಪಾಯವುಂಟು. ಅದೂ ನಮ್ಮ ಅಡಿಗೆಮನೆಯದೇ. ಹಾಲಿಗೆ ಹೆಪ್ಪು ಹಾಕಿದಂತೆ, ಹಳೆಯ ತೊಟ್ಟಿಯ ಒಂದು ಮುಷ್ಟಿ ಮರಳನ್ನೋ ಜೀವ ತುಂಬಿದ ಕಲ್ಲನ್ನೋ ಹೊಸದಕ್ಕೆ ಇಡುವುದು. 1961ರಲ್ಲಿ ಜಕಾರ್ತದ ಲೀ ಚಿನ್ ಎಂಗ್ ಇಂಥ ಜೀವಂತ ಕಲ್ಲುಗಳನ್ನೇ ನೆಚ್ಚಿ ಕಡಲ ಮೀನುಗಳನ್ನು ಸಾಕಿದ ತಮ್ಮ ವಿಧಾನವನ್ನು ಬರೆದು ಪ್ರಕಟಿಸಿದರು. ಹೆಪ್ಪು ಹಾಕಿದ ಮಾತ್ರಕ್ಕೆ ಹಾಲು ಆ ಕ್ಷಣವೇ ಮೊಸರಾಗುವುದಿಲ್ಲವೆಂಬುದನ್ನೂ ಮರೆಯಬಾರದು.

ಕನ್ನಡಿಗರು ಬೇರೆಬೇರೆ ಪ್ರಾಂತಗಳಲ್ಲಿ ಹಂಚಿಹೋಗಿದ್ದ ಕಾಲದಲ್ಲಿ ದಕ್ಷಿಣ ಕನ್ನಡದವರ ರಾಜಧಾನಿ ಮದರಾಸು. ಅಲ್ಲಿ 1909ರಲ್ಲಿ, ವಸ್ತುಸಂಗ್ರಹಾಲಯದ ಮುಖ್ಯಸ್ಥನಾಗಿದ್ದ ಎಡ್ಗರ್ ಥರ್ಸ್ಟನ್ ಕಡಲ ದಂಡೆಯಲ್ಲಿ ಮತ್ಸ್ಯಾಲಯವೊಂದನ್ನು ತೆರೆದ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅದು ಮುಚ್ಚಿಹೋಯಿತು. ಧಾರವಾಡದ ನಾವು 1956ರವರೆಗೆ ಮುಂಬಯಿಯವರು. ಅಲ್ಲಿಯ ತಾರಾಪೋರವಾಲಾ ಮತ್ಸ್ಯಾಲಯ 1951ರಲ್ಲಿ ತೆರೆದ ಮೇಲೆ, ಮುಂಬಯಿಗೆ ಹೋಗಿಬಂದವರ ಬಾಯಲ್ಲಿ ಅದರ ವರ್ಣನೆ ನಮ್ಮ ಕಡೆಯ ಕಟ್ಟೆಗಳಿಗೂ ಬಂದಿತ್ತು. ಇವೆರಡೂ ಕಡಲಿನ ಮಗ್ಗುಲಿನವು. ಹುಬ್ಬಳ್ಳಿಯ ನಡುಮನೆಯ ತೊಟ್ಟಿಗೆ ಆ ನೆರೆಹೊರೆಯಿಲ್ಲ. ತನ್ನ ಕಡಲನ್ನು ಅದು ತಾನೇ ಕಳಿಸಿಕೊಳ್ಳಬೇಕು.

ಕತೆ 1890ಕ್ಕೆ ಮುಗಿಯಲಿಲ್ಲ. ಅಮೆರಿಕದ ಸಿಯಾಟಲ್ ನಗರದ ಮತ್ಸ್ಯಾಲಯದ ಉಷ್ಣವಲಯದ ತೊಟ್ಟಿಯೊಂದರಿಂದ ವಿಜ್ಞಾನಿಗಳು ಹೊಸದೊಂದು ಸೂಕ್ಷ್ಮಜೀವಿಯನ್ನು ಬೇರ್ಪಡಿಸಿ 2005ರಲ್ಲಿ ಪ್ರಕಟಿಸಿದರು. ಅಮೋನಿಯಾವನ್ನೇ ಉಂಡು ಬದುಕುವ ಆ ಜೀವಿ ವಿನೋಗ್ರಾಡ್‌ಸ್ಕಿ ಕಂಡ ಬ್ಯಾಕ್ಟೀರಿಯಾಗಳ ಕುಲದ್ದೇ ಅಲ್ಲ. ಆರ್ಕಿಯಾ ಎಂಬ ಬೇರೊಂದು ಪುರಾತನ ವಂಶದ್ದು. ಅದರ ಬಂಧುಗಳು ಮಹಾಸಾಗರಗಳ ಉದ್ದಗಲಕ್ಕೂ ಲೆಕ್ಕವಿಲ್ಲದಷ್ಟಿವೆ. ಕಡಲಿನ ಈ ಒಕ್ಕಲನ್ನು ಮನುಷ್ಯ ಮೊದಲು ಹಿಡಿದು ಬೆಳೆಸಿದ್ದು ತಾನೇ ಮಾಡಿದ ತೊಟ್ಟಿಯೊಂದರ ತಳದಿಂದ!

ನಮ್ಮ ಹುಡುಗ ಎರಡನೆಯ ಸಲ ಕಾದ. ಮುರ್ಡೇಶ್ವರದ ಆಚೆಗಿನ ನೇತ್ರಾಣಿ ದ್ವೀಪದ ಸುತ್ತಲಿನ ಹವಳದ ಬಂಡೆಗಳನ್ನೂ ಮೀನುಗಳನ್ನೂ ನೋಡಿಬಂದ ಮೇಲೆ, ಸತ್ತ ಆರು ಮೀನುಗಳು ಅವನಿಗೆ ಬರಿಯ ದುಡ್ಡಿನ ನಷ್ಟವಾಗಿ ಉಳಿದಿರಲಿಲ್ಲ. ಗೋಡೆಗೊಂದು ಕಾಗದ ಅಂಟಿಸಿ ದಿನದಿನದ ಅಳತೆಯನ್ನು ಬರೆದಿಟ್ಟ. ಐದು ವಾರ ಆ ತೊಟ್ಟಿಯಲ್ಲಿ ದೀಪವಿತ್ತು, ಮರಳಿತ್ತು, ಕಲ್ಲಿತ್ತು, ಓಡುವ ನೀರಿತ್ತು. ಕಣ್ಣಿಗೆ ಕಾಣುವ ಜೀವ ಒಂದೂ ಇರಲಿಲ್ಲ. ಬಂದುಹೋಗುವ ನೆರೆಯವರೆಲ್ಲ ಕೇಳುವುದು ಒಂದೇ ಮಾತು: ತೊಟ್ಟಿಯೇನೋ ಐತಿ, ಮೀನ ಎಲ್ಲಿ?

ಒಮ್ಮೆ ಆ ಪ್ರಶ್ನೆ ಬಂದಾಗ ಭಾವನವರು ಮತ್ತೆ ಹುಬ್ಬಳ್ಳಿಗೆ ಬಂದು ಅಲ್ಲಿಯೇ ಕುಳಿತಿದ್ದರು. ಎಲೆಯಡಿಕೆಯ ಸಂಚಿಯನ್ನು ಮಡಚುತ್ತ ಅವರೇ ಉತ್ತರ ಕೊಟ್ಟರು: "ಒಕ್ಕಲಾ ಬಂದು ಕುಂತಾವರಿ. ಕಾಣೂದಿಲ್ಲ ಅಷ್ಟ."